ಊರಿಗೊಬ್ಬ ಕಮ್ಮಾರ, ಲೋಕಕ್ಕೆಲ್ಲ ಸ್ಮಿತ್

ಕ್ರಿಕೆಟ್ ನೋಡೋರಿಗೆ ಒಂದು ಸಣ್ಣ ಕ್ವಿಜ್. ಸ್ಟೀವ್ ಸ್ಮಿತ್ ಆಸ್ಟ್ರೇಲಿಯಾ, ಗ್ರೇಮ್ ಸ್ಮಿತ್ ದಕ್ಷಿಣ ಆಫ್ರಿಕಾ, ಇಯಾನ್ ಸ್ಮಿತ್ ನ್ಯೂಜಿಲೆಂಡ್, ಜೇಮಿ ಸ್ಮಿತ್ ಇಂಗ್ಲೆಂಡ್, ಡ್ವೇನ್ ಸ್ಮಿತ್ ವೆಸ್ಟ್ ಇಂಡೀಸಿನ ಬಾರ್ಬಡೋಸ್. ಒಂದೇ ಸರ್‌ನೇಮ್ ಇಟ್ಟುಕೊಂಡು ಐದು ಟೀಮಿಗೆ ಆಡಿದ ಇವರ ನಡುವೆ ನೆಂಟಸ್ತಿಕೆ ಹುಡುಕೋಕೆ ಹೋಗಬೇಡಿ. ಇವರನ್ನು ಕೂಡಿಸೋದು ರಕ್ತ ಅಲ್ಲ, ಕಬ್ಬಿಣ.

ಸ್ಮಿತ್ ಅಂದರೆ ಕಮ್ಮಾರ. ಹಳೆಯ ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಇದೇ ಪದ, ಇದೇ ಅರ್ಥ. ಇವತ್ತು ಬ್ರಿಟನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸ್ಮಿತ್‌ಗಳಿದ್ದಾರೆ. ಅಮೆರಿಕದ 2010ರ ಜನಗಣತಿಯಲ್ಲಿ 24 ಲಕ್ಷಕ್ಕೂ ಹೆಚ್ಚು ಸ್ಮಿತ್‌ಗಳು, ಅಲ್ಲೂ ಅದಕ್ಕೇ ಮೊದಲ ಸ್ಥಾನ. ಆಸ್ಟ್ರೇಲಿಯಾದಲ್ಲೂ ಅದೇ ಕತೆ. ಇಷ್ಟೊಂದು ಕಮ್ಮಾರರು ಎಲ್ಲಿಂದ ಬಂದರು ಅನ್ನೋದು ನಮಗೆ ಬರೀ ಜನರಲ್ ನಾಲೆಡ್ಜ್ ಪ್ರಶ್ನೆ ಅನ್ನಿಸೋದಿಲ್ಲ. ಸ್ಕಾಲರ್‌ಶಿಪ್ಪಿಂದ ಹಿಡಿದು ವೀಸಾವರೆಗೆ ನಾವು ತುಂಬೋ ಎಷ್ಟೋ ಫಾರ್ಮ್‌ಗಳಲ್ಲಿ ಲಾಸ್ಟ್ ನೇಮ್ ಅಂತ ಒಂದು ಡಬ್ಬಿ ಇರುತ್ತಲ್ಲ, ಕೆಂಪು ಚುಕ್ಕಿ ಹಾಕಿ ತುಂಬಲೇಬೇಕು ಅಂತ ಹೆದರಿಸೋ ಡಬ್ಬಿ, ಅದರ ಹುಟ್ಟು ಈ ಕತೆಯಲ್ಲಿದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆಲ್ಲೋವರೆಗೆ ಅಲ್ಲಿ ಸಾಮಾನ್ಯ ಜನಕ್ಕೆ ಇದ್ದದ್ದು ಒಂದೇ ಹೆಸರು. ಗುರುತಿಗೆ ಬೇಕಾದರೆ ಒಂದು ಅಡ್ಡಹೆಸರು ಸೇರಿಸೋರು, ಅದು ಅವನ ಜೊತೆಗೇ ಸಾಯೋದು. ವಂಶಕ್ಕೆ ಅಂಟೋ ಹೆಸರು ಮೊದಲು ಬಂದದ್ದು ಜಮೀನುದಾರ ನಾರ್ಮನ್ ಮನೆತನಗಳಿಗೆ. ಆಸ್ತಿ ಮಗನಿಗೆ ಹೋಗಬೇಕು, ಜೊತೆಗೆ ಹೆಸರೂ ಹೋಗಬೇಕು. ಅಲ್ಲಿಂದ ನಿಧಾನಕ್ಕೆ ಕೆಳಗಿಳಿಯಿತು. ದಕ್ಷಿಣದಲ್ಲಿ ಬೇಗ, ಉತ್ತರದಲ್ಲಿ ತಡವಾಗಿ, ಸುಮಾರು 1400ರ ಹೊತ್ತಿಗೆ ಹೆಚ್ಚಿನ ಇಂಗ್ಲಿಷ್ ಮನೆಗಳಿಗೆ ಒಂದೊಂದು ಸರ್‌ನೇಮ್ ಅಂಟಿಕೊಂಡಿತ್ತು.

ನಾರ್ಮನ್ನರು ತಂದ ಇನ್ನೊಂದು ಪಜೀತಿಯೂ ಇದರ ಹಿಂದೆ ಇದೆ. ಹಳೆಯ ಬಗೆಬಗೆಯ ಇಂಗ್ಲಿಷ್ ಹೆಸರುಗಳು ಹೋಗಿ ವಿಲಿಯಂ, ರಾಬರ್ಟ್, ಜಾನ್, ರಿಚರ್ಡ್ ಅನ್ನೋ ನಾಲ್ಕಾರು ಹೆಸರುಗಳೇ ಎಲ್ಲ ಮನೆಯಲ್ಲೂ ಆದವು. ಕ್ಲಾಸಿನಲ್ಲಿ ನಾಲ್ಕು ಜನ ಅಭಿಷೇಕ್ ಇದ್ದರೆ ಏನು ಮಾಡ್ತೀವಿ? ಉದ್ದ ಅಭಿ, ಮಂಡ್ಯ ಅಭಿ, ಗಿಟಾರ್ ಅಭಿ ಅಂತೀವಿ. ಅವರೂ ಅದನ್ನೇ ಮಾಡಿದರು. ಗುಡ್ಡದ ಹತ್ತಿರ ಇರೋ ಜಾನ್ ಹಿಲ್ ಆದ, ರಾಬರ್ಟನ ಮಗ ರಾಬರ್ಟ್‌ಸನ್ ಆದ, ಕುಲುಮೆಯ ಜಾನ್ ಸ್ಮಿತ್ ಆದ.

ಇಲ್ಲಿ ನಮಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಆ ಕಾಲದಲ್ಲಿ ಇಂಗ್ಲೆಂಡಿನ ಬಹುಪಾಲು ಜನ ಬೇಸಾಯಗಾರರು. ಹಾಗಿದ್ದ ಮೇಲೆ ಅತಿ ಸಾಮಾನ್ಯ ಸರ್‌ನೇಮ್ ರೈತ ಅನ್ನೋ ಅರ್ಥದ್ದಾಗಿರಬೇಕಿತ್ತು, ಅಲ್ವಾ? ಆಗಲಿಲ್ಲ. ಎಲ್ಲರೂ ರೈತರೇ ಆಗಿರೋ ಊರಲ್ಲಿ ರೈತ ಜಾನ್ ಅಂತ ಕರೆದರೆ ಯಾರಿಗೆ ಏನು ತಿಳಿಯುತ್ತೆ? (ಫಾರ್ಮರ್ ಅನ್ನೋ ಸರ್‌ನೇಮ್ ಇದೆ, ಆದರೆ ಅದರ ಮೂಲ ಅರ್ಥ ತೆರಿಗೆ ವಸೂಲಿಯ ಗುತ್ತಿಗೆ ಹಿಡಿದವನು ಅಂತ.) ಕಮ್ಮಾರ ಹಾಗಲ್ಲ. ನೇಗಿಲ ಗುಳ, ಕುಡುಗೋಲು, ಕುದುರೆ ಲಾಳ ಎಲ್ಲದಕ್ಕೂ ಅವನು ಬೇಕು, ಆದರೆ ಊರಿಗೆ ಒಬ್ಬ ಸಾಕು. ಅಂದರೆ ಒಂದು ಊರಿನೊಳಗೆ ಸ್ಮಿತ್ ಅನ್ನೋದು ಒಳ್ಳೆ ಪ್ರೈಮರಿ ಕೀ ಇದ್ದ ಹಾಗೆ, ಹೇಳಿದ ತಕ್ಷಣ ಆಳು ಯಾರು ಅಂತ ಗೊತ್ತಾಗುತ್ತೆ. ತಮಾಷೆ ಏನಂದರೆ, ಇದೇ ಒಳ್ಳೆ ಐಡಿಯಾ ಇಂಗ್ಲೆಂಡಿನ ಊರೂರಿಗೂ ಬೇರೆಬೇರೆಯಾಗಿ ಹೊಳೆಯಿತು. ಒಬ್ಬೊಬ್ಬರನ್ನೇ ಗುರುತಿಸೋಕೆ ಹುಟ್ಟಿದ ಹೆಸರು, ಎಲ್ಲ ಊರಿನ ಪಟ್ಟಿಗಳನ್ನು ಕೂಡಿಸಿದಾಗ ಯಾರನ್ನೂ ಗುರುತಿಸಲಾರದ ಹೆಸರಾಯಿತು. ಲೋಕಲ್ ಆಗಿ ಯುನೀಕ್ ಇದ್ದದ್ದನ್ನು ಗ್ಲೋಬಲ್ ಟೇಬಲಿಗೆ ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ ಡಿಬಿಎಂಎಸ್ ಪುಸ್ತಕದಲ್ಲೂ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಹೆಸರು ಗಟ್ಟಿಯಾಗೋಕೆ ಸರ್ಕಾರಿ ಪಟ್ಟಿಗಳೂ ಕಾರಣ. 1377, 1379, 1381ರಲ್ಲಿ ತಲೆಗಂದಾಯ ಹಾಕಿದಾಗ ಗುಮಾಸ್ತರು ಊರೂರಿನ ಜನರ ಹೆಸರು ಬರೆದುಕೊಂಡರು. ಲ್ಯಾಟಿನ್‌ನಲ್ಲಿ ಬರೆಯೋ ಗುಮಾಸ್ತ ಕಮ್ಮಾರನನ್ನು ಫೇಬರ್ ಅಂತಲೂ ಬರೆದಿಟ್ಟ. ಈ ತೆರಿಗೆ ವಿರುದ್ಧ 1381ರಲ್ಲಿ ದಂಗೆ ಎದ್ದ ರೈತರ ನಾಯಕ ವಾಟ್ ಟೈಲರ್, ಅವನ ಹೆಸರೂ ಕಸುಬಿನದ್ದೇ, ಹೆಂಚು ಹೊದಿಸೋನು ಅಂತ. 1538ರಿಂದ ಚರ್ಚುಗಳಲ್ಲಿ ನಾಮಕರಣ, ಮದುವೆ, ಸಾವಿನ ದಾಖಲೆ ಇಡಬೇಕು ಅಂತ ಆಜ್ಞೆ ಬಂತು, ಆಮೇಲೆ ಹೆಸರು ಬದಲಾಗೋದು ಇನ್ನಷ್ಟು ಕಡಿಮೆಯಾಯಿತು. ಕಸುಬು ಮಾತ್ರ ಬದಲಾಗ್ತಾನೇ ಇತ್ತು. ಸ್ಮಿತ್‌ನ ಮಗ ರೊಟ್ಟಿ ಸುಡಬಹುದು, ಬೇಕರ್‌ನ ಮಗ ಬಟ್ಟೆ ಹೊಲಿಯಬಹುದು, ಟೇಲರ್‌ನ ವಂಶದವರು ಕಾಲೇಜಲ್ಲಿ ಪಾಠ ಮಾಡಬಹುದು. ಹೆಸರು ಅಲ್ಲೇ ನಿಂತಿತು, ಜನ ಮುಂದೆ ಹೋದರು.

ನಮ್ಮ ಫಸ್ಟ್ ಇಯರ್ ವರ್ಕ್‌ಶಾಪ್ ನೆನಪಿಸಿಕೊಂಡರೆ ಅರ್ಧ ಇಂಗ್ಲೆಂಡೇ ಅಲ್ಲಿ ಸಿಗುತ್ತೆ. ಲೇತ್ ಮುಂದೆ ನಿಂತವನು ಟರ್ನರ್. ಮರದ ಕೆಲಸದವನು ಕಾರ್ಪೆಂಟರ್ ಅಥವಾ ರೈಟ್. ವಿಮಾನ ಹಾರಿಸಿದ ರೈಟ್ ಸಹೋದರರ ಹೆಸರಿನ ಅರ್ಥವೂ ತಯಾರಿಸೋನು ಅಂತಲೇ. ಚಾಕು ಮಾಡೋ ಕಮ್ಮಾರ ಸ್ಕಾಟ್ಲೆಂಡ್ ಕಡೆ ನೇಸ್ಮಿತ್ ಆದ. 1839ರಲ್ಲಿ ಸ್ಟೀಮ್ ಹ್ಯಾಮರ್‌ನ ಚಿತ್ರ ಬರೆದು 1842ರಲ್ಲಿ ಪೇಟೆಂಟ್ ತಗೊಂಡ ಎಂಜಿನಿಯರ್ ಜೇಮ್ಸ್ ನೇಸ್ಮಿತ್. ಕಮ್ಮಾರನ ಹೆಸರಿನವನೇ ಕಮ್ಮಾರನ ಸುತ್ತಿಗೆಗೆ ಉಗಿ ಕೊಟ್ಟ. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದವನ ಹೆಸರೂ ಜೇಮ್ಸ್ ನೇಸ್ಮಿತ್, ಆದರೆ ಅವನು ಬೇರೆ.

ಸ್ಮಿತ್‌ಗಳೆಲ್ಲ ಒಂದೇ ವಂಶದವರಲ್ಲ ಅನ್ನೋದು ಬರೀ ಊಹೆ ಅಲ್ಲ. ಸರ್‌ನೇಮ್ ಮತ್ತು ವೈ ಕ್ರೋಮೋಸೋಮ್ ಎರಡೂ ಅಪ್ಪನಿಂದ ಮಗನಿಗೆ ಹೋಗುತ್ತವೆ. ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಬ್ರಿಟಿಷ್ ಸರ್‌ನೇಮ್‌ಗಳ 1,600ಕ್ಕೂ ಹೆಚ್ಚು ಗಂಡಸರ ಡಿಎನ್‌ಎ ಹೋಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಟೆನ್‌ಬರೋದಂಥ ಅಪರೂಪದ ಹೆಸರಿನವರಲ್ಲಿ ಹೆಚ್ಚಿನವರ ವೈ ಕ್ರೋಮೋಸೋಮ್ ಒಂದೇ ಬಗೆಯದು, ಅಂದರೆ ಮೂಲಪುರುಷರು ಬಹಳ ಕಡಿಮೆ. ಸ್ಮಿತ್‌ಗಳದ್ದು ಹಾಗಲ್ಲ. ಬೀದಿಯಲ್ಲಿ ಸಿಕ್ಕ ಯಾರೋ ಇಬ್ಬರು ಬ್ರಿಟಿಷರ ನಡುವೆ ಎಷ್ಟು ಸಂಬಂಧ ಇರುತ್ತೋ ಇಬ್ಬರು ಸ್ಮಿತ್‌ಗಳ ನಡುವೆಯೂ ಅಷ್ಟೇ.

ಅಪರೂಪದ ಹೆಸರುಗಳು ಯಾಕೆ ಅಳಿಯುತ್ತವೆ ಅನ್ನೋದಕ್ಕೆ 1874ರಲ್ಲೇ ಒಂದು ಲೆಕ್ಕ ಬಂತು. ಫ್ರಾನ್ಸಿಸ್ ಗಾಲ್ಟನ್ ಪ್ರಶ್ನೆ ಕೇಳಿದ, ಹೆನ್ರಿ ವಾಟ್ಸನ್ ಅನ್ನೋ ಪಾದ್ರಿ ಗಣಿತ ಮಾಡಿದ. ಪ್ರತಿ ಗಂಡಸಿಗೆ ಸರಾಸರಿ ಒಬ್ಬ ಗಂಡುಮಗ ಮಾತ್ರ ಅಂದುಕೊಳ್ಳಿ. ಜನಸಂಖ್ಯೆ ಸ್ಥಿರವಾಗಿರುತ್ತೆ, ಆದರೂ ಒಬ್ಬನಿಂದ ಶುರುವಾದ ಹೆಸರು ಒಂದಲ್ಲ ಒಂದು ದಿನ ಖಂಡಿತ ಅಳಿಯುತ್ತೆ. ಯಾವುದೋ ತಲೆಮಾರಿನಲ್ಲಿ ಬರೀ ಹೆಣ್ಣುಮಕ್ಕಳು ಹುಟ್ಟಿದರೆ ಮುಗೀತು. ಸಾವಿರಾರು ಕಡೆ ಒಟ್ಟಿಗೇ ಶುರುವಾದ ಸ್ಮಿತ್‌ಗೆ ಮಾತ್ರ ಅಷ್ಟು ಬೇಗ ಸಾವಿಲ್ಲ. ಮುಂದೆ ನ್ಯೂಕ್ಲಿಯರ್ ಚೈನ್ ರಿಯಾಕ್ಷನ್‌ಗೂ ಇದೇ ಬಗೆಯ ಗಣಿತ ಬಳಸಿದರು. (ಯೂಜೆನಿಕ್ಸ್ ಅನ್ನೋ ಕೆಟ್ಟ ಪದವನ್ನು ಹುಟ್ಟಿಸಿದವನೂ ಇದೇ ಗಾಲ್ಟನ್. ದೊಡ್ಡ ಮನೆತನಗಳು ಅಳಿದುಹೋಗ್ತಿವೆ ಅನ್ನೋ ಚಿಂತೆಯಿಂದಲೇ ಈ ಲೆಕ್ಕ ಹುಟ್ಟಿದ್ದು. ಅಳಿಯದೆ ಉಳಿದದ್ದು ಕಮ್ಮಾರರು, ನಮಗಂತೂ ಖುಷಿ.)

ಪಕ್ಕದ ವೇಲ್ಸ್‌ಗೆ ಹೋದರೆ ಮೊದಲ ಸ್ಥಾನ ಸ್ಮಿತ್‌ಗಿಲ್ಲ, ಜೋನ್ಸ್‌ಗೆ. ಅಲ್ಲಿ ಅಪ್ಪನ ಹೆಸರು ಹೇಳೋದೇ ಪದ್ಧತಿ. ಆಪ್ ರೀಸ್, ಅಂದರೆ ರೀಸ್‌ನ ಮಗ. ಇಂಗ್ಲಿಷ್ ಆಡಳಿತ ಬಲವಾದ ಮೇಲೆ ಆಪ್ ರೀಸ್ ಪ್ರೈಸ್ ಆದ, ಆಪ್ ಹವೆಲ್ ಪವೆಲ್ ಆದ. ಐರ್ಲೆಂಡಿನ ಕ್ಯಾವನ್ ಕಡೆ ಮ್ಯಾಕ್ ಗೌನ್, ಅಂದರೆ ಕಮ್ಮಾರನ ಮಗ ಅನ್ನೋ ಐರಿಷ್ ಹೆಸರಿನವರು ಎಷ್ಟೋ ಜನ ಅದನ್ನು ಅನುವಾದ ಮಾಡಿಕೊಂಡು ಸ್ಮಿತ್ ಆದರು. ಅಮೆರಿಕಕ್ಕೆ ಹೋದ ಜರ್ಮನ್ ಶ್ಮಿಟ್‌ಗಳೂ ಎಷ್ಟೋ ಜನ ಸ್ಮಿತ್ ಆದರು.

ಇನ್ನು ಡ್ವೇನ್ ಸ್ಮಿತ್. ಬಾರ್ಬಡೋಸಿನಲ್ಲಿ ಸ್ಮಿತ್ ಹೇಗೆ ಬಂದ ಅನ್ನೋದನ್ನು ತಮಾಷೆಯಾಗಿ ಹೇಳಲಾಗದು. ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಹೊತ್ತು ತಂದ ಗುಲಾಮರಿಗೆ ದಾಖಲೆಯಲ್ಲಿ ಹೆಚ್ಚಾಗಿ ಒಂದೇ ಹೆಸರು, ಅದೂ ಯಜಮಾನ ಇಟ್ಟದ್ದು. ಬಿಡುಗಡೆಯಾದ ಮೇಲೆ, ಬ್ರಿಟಿಷ್ ದ್ವೀಪಗಳಲ್ಲಿ 1830ರ ದಶಕದಲ್ಲಿ, ಅಮೆರಿಕದಲ್ಲಿ 1865ರಲ್ಲಿ, ಎಲ್ಲರಿಗೂ ಒಂದು ಸರ್‌ನೇಮ್ ಬೇಕಾಯಿತು. ಎಲ್ಲರೂ ಯಜಮಾನನ ಹೆಸರನ್ನೇ ಇಟ್ಟುಕೊಂಡರು ಅನ್ನೋದು ಪೂರ್ತಿ ಸರಿಯಲ್ಲ, ಬೇಕಂತಲೇ ಬೇರೆ ಹೆಸರು ಆರಿಸಿಕೊಂಡವರೂ ಬಹಳ. ಅದೇನೇ ಇರಲಿ, 2010ರ ಲೆಕ್ಕದಲ್ಲಿ ಅಮೆರಿಕದ ಸ್ಮಿತ್‌ಗಳಲ್ಲಿ ಸುಮಾರು 23 ಪರ್ಸೆಂಟ್ ಕಪ್ಪು ಜನರು. ಮಾಲ್ಕಂ ಎಕ್ಸ್ ತನ್ನ ಲಿಟ್ಲ್ ಅನ್ನೋ ಸರ್‌ನೇಮ್ ಕಿತ್ತುಹಾಕಿ, ಕಳೆದುಹೋದ ಆಫ್ರಿಕನ್ ಹೆಸರಿನ ಜಾಗಕ್ಕೆ ಗಣಿತದ ಎಕ್ಸ್ ಹಾಕಿಕೊಂಡದ್ದು ಇದಕ್ಕೇ.

ಈಗ ನಮ್ಮ ವಾದಕ್ಕೆ ಬರೋಣ. ಸರ್‌ನೇಮ್ ಅನ್ನೋದು ಮನುಷ್ಯನ ಜೊತೆ ಹುಟ್ಟೋ ಅಂಗ ಅಲ್ಲ. ಒಂದು ದೇಶ, ಒಂದು ಕಾಲದಲ್ಲಿ, ಆಸ್ತಿಗೂ ತೆರಿಗೆಗೂ ಮಾಡಿಕೊಂಡ ಏರ್ಪಾಡು, ಆಮೇಲೆ ಹಡಗು ಹತ್ತಿ ಎಲ್ಲ ಕಡೆ ಹೋಯಿತು. ಅದಿಲ್ಲದೆ ನಾವು ಚೆನ್ನಾಗಿಯೇ ಇದ್ದೀವಿ. ಹಳೇ ಮೈಸೂರಿನ ಕಡೆ ಹೆಸರಿನ ಜೊತೆ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್, ಎಷ್ಟೋ ಜನಕ್ಕೆ ಅದೂ ಇಲ್ಲ. ಇವರೆಲ್ಲ ಫಾರ್ಮ್ ಮುಂದೆ ಕೂತಾಗ ಲಾಸ್ಟ್ ನೇಮ್ ಅಂತ ಅಪ್ಪನ ಹೆಸರು ಹಾಕ್ತಾರೆ, ಇಲ್ಲ ತಮ್ಮ ಹೆಸರನ್ನೇ ಎರಡು ಸಲ ಬರೀತಾರೆ. ಮಂಜುನಾಥ್ ಮಂಜುನಾಥ್ ಆಗ್ತಾನೆ. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿನವರಿಗೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಅಚ್ಚಾಗುತ್ತೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರೋರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದುಬಿಟ್ಟಿತು, ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆದೀತು ಅಂತ ಸಡಿಲಿಸಿತು. ಹೆಸರು ಇರೋ ಮನುಷ್ಯನಿಗೆ ನಿನ್ನ ಹೆಸರು ಸಾಲದು ಅನ್ನೋದು ನಮಗೆ ಅವಮಾನ ಅನ್ನಿಸುತ್ತೆ.

ಉತ್ತರ ಕರ್ನಾಟಕದವರು ನಗಬಹುದು, ಅಡ್ಡಹೆಸರು ನಮಗಿದೆಯಲ್ಲ ಅಂತ. ಇದೆ, ಮತ್ತು ಇಂಗ್ಲಿಷಿಗೆ ಸರಿಸಮ. ಕಮ್ಮಾರ, ಕಂಬಾರ ಅಂದರೆ ಸ್ಮಿತ್. ಬಡಿಗೇರ ಅಂದರೆ ಕಾರ್ಪೆಂಟರ್. ಕುಂಬಾರ ಅಂದರೆ ಪಾಟರ್, ಹ್ಯಾರಿ ಪಾಟರ್ ನಮ್ಮ ಬಾಗಲಕೋಟೆಯವನಾಗಿದ್ದರೆ ಹರಿ ಕುಂಬಾರ. ಆದರೆ ಒಂದು ಕಡೆ ಈ ಹೋಲಿಕೆ ನಿಂತುಹೋಗುತ್ತೆ. ಸ್ಟೀವ್ ಸ್ಮಿತ್ ಬ್ಯಾಟ್ ಹಿಡಿದು ಬಂದರೆ ಅವನ ಮನೆಯವರು ಕುಲುಮೆ ಊದ್ತಿದ್ದರಾ ಅಂತ ಯಾರೂ ಯೋಚಿಸಲ್ಲ. ಕಂಪ್ಯೂಟರ್ ಸೈನ್ಸ್ ಸೇರಿದ ಕಮ್ಮಾರನ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಓದಿದವರು ಯೋಚಿಸ್ತಾರೆ. ಇಂಗ್ಲೆಂಡಿನಲ್ಲಿ ಹೆಸರಿನಿಂದ ಕಸುಬು ಕಳಚಿಬಿತ್ತು. ನಮ್ಮಲ್ಲಿ ಕಸುಬು ಬಿಟ್ಟರೂ ಜಾತಿ ಹೆಸರಿನಲ್ಲೇ ಉಳಿದಿದೆ. ಹಾಸ್ಟೆಲಿನಲ್ಲಿ ಹೊಸ ಹುಡುಗ ಬಂದಾಗ ಹೆಸರು ಹೇಳಿದ ಮೇಲೂ ಫುಲ್ ನೇಮ್ ಏನು, ಅಂತ ಇನ್ನೊಂದು ಸಲ ಕೇಳೋದು ಯಾಕೆ ಅಂತ ಕೇಳೋನಿಗೂ ಗೊತ್ತು, ಹೇಳೋನಿಗೂ ಗೊತ್ತು. ಇನಿಷಿಯಲ್ ಇರೋನಿಗೆ ತಪ್ಪಿಸಿಕೊಳ್ಳೋ ದಾರಿ ಇದೆ, ಅಡ್ಡಹೆಸರು ಇರೋನಿಗೆ ಅದೂ ಇಲ್ಲ.

ಹೆಸರಿನ ಹಂಚಿಕೆ ಇನ್ನೂ ಬದಲಾಗ್ತಾನೇ ಇದೆ. ನ್ಯೂಜಿಲೆಂಡಿನಲ್ಲಿ ಈಚೆಗೆ ಹುಟ್ಟಿದ ಮಕ್ಕಳ ಸರ್‌ನೇಮ್ ಪಟ್ಟಿಯಲ್ಲಿ ಸ್ಮಿತ್‌ನನ್ನು ಹಿಂದೆ ಹಾಕಿ ಸಿಂಗ್ ಮೇಲೆ ಬಂದಿದೆ. ಸಿಂಗ್, ಕೌರ್ ಅನ್ನೋದನ್ನು ಸಿಖ್ಖರು ಇಟ್ಟುಕೊಂಡದ್ದು ಜಾತಿ ಹೇಳೋ ಹೆಸರು ಬೇಡ ಅಂತ ಅನ್ನೋದನ್ನೂ ಇಲ್ಲಿ ನೆನಪಿಸಬೇಕು.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಅರ್ಧ ಜನ ಎಲ್ಲೋ ಕೂತು ಇಂಥದ್ದೇ ಫಾರ್ಮ್‌ಗಳನ್ನು ಕೋಡ್ ಮಾಡ್ತಿರ್ತೀವಿ. ಹೆಸರಿಗೆ ಒಂದೇ ಕಾಲಂ ಇಡಿ, ಉದ್ದಕ್ಕೆ ಜಾಗ ಬಿಡಿ, ಮಧ್ಯೆ ಸ್ಪೇಸ್, ಚುಕ್ಕಿ ಬಂದರೆ ಎರರ್ ಕೊಡಬೇಡಿ. ಏನಂತ ಕರೆಯಬೇಕು ಅಂತ ತಿಳಿಯಬೇಕಿದ್ದರೆ ಅದನ್ನೇ ಬೇರೆಯಾಗಿ ಕೇಳಿ. ಬ್ಯಾಂಕಿಗೋ ಏರ್‌ಲೈನಿಗೋ ಎರಡು ಡಬ್ಬಿ ಬೇಕೇಬೇಕು ಅಂದರೆ ಎರಡನೆಯದರ ಕೆಂಪು ಚುಕ್ಕಿಯನ್ನಾದರೂ ತೆಗೆಯಿರಿ. ನಮ್ಮ ಕನ್ನಡ ಸಂಘದ ಸದಸ್ಯತ್ವದ ಫಾರ್ಮ್‌ನಲ್ಲಿ ಈ ಸೆಮಿಸ್ಟರಿನಿಂದ ಹೆಸರು ಅಂತ ಒಂದೇ ಡಬ್ಬಿ ಇದೆ, ಕನ್ನಡದಲ್ಲೂ ಟೈಪ್ ಮಾಡಬಹುದು.