ಸಂಗೀತಗಾರನಿಗೆ ಪೋಲೀಸರ ರಹದಾರಿ

ನ್ಯೂಯಾರ್ಕ್ ನಗರದ ಏಳನೆಯ ಅವೆನ್ಯೂ ಎಂಬ ಬೀದಿಯ ದಕ್ಷಿಣ ಭಾಗದಲ್ಲಿ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ಒಂದು ನೆಲಮಾಳಿಗೆಯಿರುವುದು. ಮ್ಯಾಕ್ಸ್ ಗಾರ್ಡನ್ ಎಂಬವರು 1935ನೆಯ ಇಸವಿಯಲ್ಲಿ ಅದನ್ನು ಅಲ್ಲಿ ತೆರೆದರು. ಮೊದಲು ಅದು ಕವಿಗಳ ಮತ್ತು ಜನಪದ ಗಾಯಕರ ಕೂಟವಾಗಿದ್ದು, 1957ರ ಸುಮಾರಿಗೆ ಮುಖ್ಯವಾಗಿ ಜಾಜ್ ಸಂಗೀತದ ಮನೆಯಾಯಿತು. ಬೀದಿಯಿಂದ ಹದಿನೈದು ಮೆಟ್ಟಿಲುಗಳನ್ನು ಇಳಿದರೆ ಮೂರು ಮೂಲೆಯ ಒಂದು ಕೋಣೆ. ಅದರ ಮೊನೆಯಲ್ಲಿ ಚಿಕ್ಕದೊಂದು ವೇದಿಕೆ. ಗೋಡೆಗಳ ಮೇಲೆ ಹಿಂದಿನ ವಿದ್ವಾಂಸರ ಭಾವಚಿತ್ರಗಳು. ಅಲ್ಲಿ ಕುಳಿತು ಕೇಳಬಹುದಾದವರು ಸುಮಾರು 120 ಮಂದಿ ಮಾತ್ರ. ವಾದ್ಯಗಾರರಿಗೆ ಬೇರೆ ಕೊಠಡಿಯೂ ಇಲ್ಲ. ಹಿಂದೆ ಅಡಿಗೆಮನೆಯಾಗಿದ್ದ ಸ್ಥಳವೇ ಅವರ ವಿಶ್ರಾಂತಿಗೃಹ.

ಜಾಜ್ ಎಂದರೆ ಕುಡಿತದ ಮನೆಯ ಗದ್ದಲವೆಂದು ತಿಳಿದಿರುವವರು ನಮ್ಮಲ್ಲಿ ಅನೇಕರುಂಟು. ಅಂಥವರು ಆ ಕೋಣೆಯಲ್ಲಿ ಒಂದು ರಾತ್ರಿ ಕುಳಿತು ಕೇಳುವುದಾದರೆ ಅವರ ಅಭಿಪ್ರಾಯವು ಬದಲಾಗದೆ ಇರದು. ವಾದನವು ಪ್ರಾರಂಭವಾದೊಡನೆ ಮಾತು ನಿಲ್ಲುವುದು. ಮೊದಲು ಒಂದು ರಾಗಬಂಧವನ್ನು, ಅನೇಕ ವೇಳೆ 32 ಆವರ್ತಗಳಷ್ಟು ಉದ್ದದ್ದನ್ನು, ಎಲ್ಲರೂ ಕೂಡಿ ನುಡಿಸುವರು. ಅನಂತರ ಅದೇ ಸ್ವರಮೇಳದ ಕ್ರಮವನ್ನು ಹಿಡಿದು ಒಬ್ಬೊಬ್ಬನೂ ತನ್ನ ಸರದಿಯಲ್ಲಿ, ಬರೆದಿಡದ, ಹಿಂದೆಂದೂ ನುಡಿಸದ ಹೊಸ ಸಂಗತಿಗಳನ್ನು ಆ ಕ್ಷಣದಲ್ಲಿಯೇ ಹುಟ್ಟಿಸುವನು. ಹಿಂದೆ ನಿಂತ ಮಂದ್ರದ ತಂತಿವಾದ್ಯವೂ ಡ್ರಮ್ಮೂ ಕಾಲವನ್ನು ಹಿಡಿದು ನಡೆಯುತ್ತಿರುವುವು. ಬಳಿಕ ಡ್ರಮ್ಮಿನವನಿಗೂ ಉಳಿದವರಿಗೂ ನಾಲ್ಕು ನಾಲ್ಕು ಆವರ್ತಗಳ ಸವಾಲು ಜವಾಬು ನಡೆದು, ಕಡೆಯಲ್ಲಿ ಎಲ್ಲರೂ ಮೊದಲಿನ ಬಂಧಕ್ಕೆ ಹಿಂದಿರುಗುವರು. ನೆರವಲು, ಕಲ್ಪನಾಸ್ವರ, ತನಿ ಆವರ್ತನಗಳನ್ನು ಬಲ್ಲ ನಮ್ಮ ರಸಿಕನಿಗೆ ಇದರಲ್ಲಿ ಅಪರಿಚಿತವಾದುದೇನು? ನಮ್ಮದು ರಾಗದ ಹಾದಿ, ಅವರದು ಸ್ವರಮೇಳದ ಹಾದಿ. ಮನೋಧರ್ಮವು ಎರಡಕ್ಕೂ ಜೀವ. ವಾದಕನ ಉಸಿರು ಕೇಳಿಸುವಷ್ಟು ಹತ್ತಿರದಲ್ಲಿ ಕುಳಿತ ಶ್ರೋತೃವಿನ ತಲೆದೂಗುವಿಕೆಯು ಆ ಮನೋಧರ್ಮಕ್ಕೆ ಎಷ್ಟು ಪ್ರೋತ್ಸಾಹಕವೆಂಬುದನ್ನು ನಮ್ಮ ಕಛೇರಿಗಳಲ್ಲಿ ಕಂಡವರಿಗೆ ಹೇಳಬೇಕಾಗಿಲ್ಲ. ದೊಡ್ಡ ಸಭಾಂಗಣವು ಈ ಕಲೆಗೆ ಕೀರ್ತಿಯನ್ನು ಕೊಡಬಲ್ಲದು. ಅದನ್ನು ಹೆತ್ತು ಸಾಕುವುದು ಸಣ್ಣ ಕೋಣೆಯೇ.

ಇಂತಹ ಕೋಣೆಗಳ ವಿಷಯದಲ್ಲಿ ಆಳುವವರು ನಡೆದುಕೊಂಡ ರೀತಿಯನ್ನು ವಾಚಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶವಾಗಿರುವುದು. ಜಾಜ್ ಎಂಬುದು ಗುಲಾಮಗಿರಿಯಲ್ಲಿ ನರಳಿದ ಕರಿಯ ಜನರ ಸೃಷ್ಟಿಯೆಂಬುದು ಸರ್ವವಿದಿತ. ನ್ಯೂ ಆರ್ಲಿಯನ್ಸ್ ನಗರದ ಆಡಳಿತವು 1817ರಲ್ಲಿಯೇ, ಗುಲಾಮರು ಭಾನುವಾರ ಮಾತ್ರ, ಗೊತ್ತುಮಾಡಿದ ಒಂದು ಬಯಲಿನಲ್ಲಿ ಮಾತ್ರ ಕೂಡಿ ಕುಣಿಯತಕ್ಕದ್ದೆಂದು ಕಟ್ಟುಮಾಡಿತ್ತು. ಶತಮಾನವು ಕಳೆದು ಗುಲಾಮಗಿರಿಯು ಅಳಿದರೂ ಆ ಭಯವು ಅಳಿಯಲಿಲ್ಲ. ಸಂಗೀತ ನೃತ್ಯಗಳು ನಡೆಯುವ ಪಾನಗೃಹಗಳಿಗೆಲ್ಲ ಲೈಸೆನ್ಸು ಬೇಕೆಂದು ನ್ಯೂಯಾರ್ಕ್ ನಗರವು 1926ರಲ್ಲಿ ಕಾನೂನು ಮಾಡಿತು. 1940ರಿಂದ, ಅಂತಹ ಸ್ಥಳಗಳಲ್ಲಿ ಹಾಡುವ ನುಡಿಸುವ ಪ್ರತಿಯೊಬ್ಬನೂ ಪೋಲೀಸರಿಗೆ ಬೆರಳ ಗುರುತನ್ನು ಕೊಟ್ಟು ರಹದಾರಿ ಚೀಟಿಯನ್ನು ಪಡೆಯಬೇಕಾಯಿತು. ಚೀಟಿಯಿಲ್ಲದವನಿಗೆ ಕೆಲಸವಿಲ್ಲ. ನ್ಯಾಯಾಲಯವು ಒಮ್ಮೆ ವಿಧಿಸಿದ ಶಿಕ್ಷೆಯನ್ನು ಅನುಭವಿಸಿ ಬಂದವನಿಗೆ ಪೋಲೀಸು ಇಲಾಖೆಯು ಅನ್ನವನ್ನು ಕಸಿದುಕೊಳ್ಳುವ ಎರಡನೆಯ ಶಿಕ್ಷೆಯನ್ನು ವಿಚಾರಣೆಯಿಲ್ಲದೆ ವಿಧಿಸಬಹುದಾಗಿತ್ತು.

ಇದರ ಫಲವನ್ನು ನೋಡಿರಿ. ಮಾದಕ ಪದಾರ್ಥದ ಮೊಕದ್ದಮೆಯಲ್ಲಿ 1947ರಲ್ಲಿ ಸೆರೆಗೆ ಹೋದ ಗಾಯಕಿ ಬಿಲ್ಲಿ ಹಾಲಿಡೇ ಅವರು, ಬಿಡುಗಡೆಯಾದ ಮೇಲೆ 1948ರ ಮಾರ್ಚಿಯಲ್ಲಿ ಕಾರ್ನೆಗಿ ಹಾಲ್ ಎಂಬ ಮಹಾಸಭಾಂಗಣದಲ್ಲಿ ಕಿಕ್ಕಿರಿದ ಜನರೆದುರಿಗೆ ಹಾಡಿದರು. ಅದಕ್ಕೆ ಚೀಟಿ ಬೇಕಾಗಿರಲಿಲ್ಲ. ಆದರೆ ಅದೇ ಊರಿನ ಸಣ್ಣ ಕ್ಲಬ್ಬೊಂದರಲ್ಲಿ ನೂರು ಜನರೆದುರಿಗೆ ಹಾಡುವ ಹಕ್ಕು 1959ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರಿಗೆ ಹಿಂದಿರುಗಲಿಲ್ಲ. ಸಾವಿರಾರು ಜನರ ಮುಂದೆ ಕೆಡದ ಲೋಕನೀತಿಯು ನೂರು ಜನರ ಮುಂದೆ ಕೆಡುವುದೆಂಬ ತರ್ಕವನ್ನು ಯಾವ ಶಾಸ್ತ್ರವು ಒಪ್ಪೀತು?

ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರು 1951ರಿಂದ 1957ರವರೆಗೆ ಚೀಟಿಯಿಲ್ಲದೆ ಇದ್ದರು. ಅದು ಹಿಂದಿರುಗಿದ ವರ್ಷವೇ ‘ಫೈವ್ ಸ್ಪಾಟ್’ ಎಂಬ ಸಣ್ಣ ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ನುಡಿಸಿದರು. ಸ್ಯಾಕ್ಸೊಫೋನು ಹಿಡಿದು ಅವರೊಡನೆ ನುಡಿಸಿ ಕಲಿತವರು ಜಾನ್ ಕೋಲ್ಟ್ರೇನ್. ನಾಲ್ಕು ವರ್ಷಗಳ ಮೇಲೆ, 1961ರ ನವೆಂಬರಿನಲ್ಲಿ, ಇದೇ ಕೋಲ್ಟ್ರೇನ್ ಅವರು ವ್ಯಾನ್‌ಗಾರ್ಡಿನ ನೆಲಮಾಳಿಗೆಯಲ್ಲಿ ‘ಇಂಡಿಯಾ’ ಎಂಬ ಹೆಸರಿನ ರಚನೆಯೊಂದನ್ನು ನುಡಿಸಿದರು. ನಮ್ಮ ಸಂಗೀತದಲ್ಲಿ ಅವರಿಗಿದ್ದ ಆದರವು ಎಷ್ಟೆಂದರೆ, ಪಂಡಿತ ರವಿಶಂಕರರ ಹೆಸರನ್ನೇ ಮಗನಿಗೆ ಇಟ್ಟರು. ಮಂಕ್ ಅವರ ಚೀಟಿಯು ಇನ್ನೂ ಕೆಲವು ವರ್ಷ ಪೋಲೀಸರ ಮೇಜಿನಲ್ಲಿಯೇ ಉಳಿದಿದ್ದರೆ, ಈ ಶಿಷ್ಯವೃತ್ತಿಯು ಎಲ್ಲಿ ನಡೆಯುತ್ತಿತ್ತು? ಚೀಟಿಯ ಪದ್ಧತಿಯು 1967ರಲ್ಲಿ ರದ್ದಾಯಿತು. ಲೈಸೆನ್ಸಿಲ್ಲದ ಸ್ಥಳಗಳಲ್ಲಿ ಮೂವರಿಗಿಂತ ಹೆಚ್ಚು ವಾದ್ಯಗಾರರು ಕೂಡಬಾರದೆಂಬ ವಿಚಿತ್ರ ನಿಬಂಧನೆಯನ್ನು 1988ರಲ್ಲಿ ನ್ಯಾಯಾಲಯವು ತೆಗೆದುಹಾಕಿತು. ಮೂಲ ಕಾನೂನು ಅಳಿದದ್ದು 2017ರಲ್ಲಿ. ತಪ್ಪನ್ನು ಮಾಡಲು ಒಂದು ದಿನ, ತಿದ್ದಿಕೊಳ್ಳಲು ತೊಂಬತ್ತೊಂದು ವರ್ಷ!

ಪರದೇಶದ ಪಾನಗೃಹದ ಸಂಗೀತವು ನಮಗೇಕೆ ಎಂದು ಕೇಳುವವರು ಇರಬಹುದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ದಕ್ಷಿಣ ಕನ್ನಡದ ಹುಡುಗನೊಬ್ಬನು, ಮುಂದೆ ಕದ್ರಿ ಗೋಪಾಲನಾಥರೆಂದು ಪ್ರಖ್ಯಾತನಾಗಿ, ಆ ಪರದೇಶದ ವಾದ್ಯದಿಂದ ತ್ಯಾಗರಾಜರ ಕೃತಿಗಳನ್ನು ನುಡಿಸಿದುದನ್ನು ಅವರು ಸ್ಮರಿಸಲಿ. ಸ್ವದೇಶಾಭಿಮಾನವು ಕಿವಿಯನ್ನು ಮುಚ್ಚಿಕೊಳ್ಳುವುದರಲ್ಲಿಲ್ಲ. ಮದ್ಯಪಾನದ ವಿಷಯದಲ್ಲಿ ನಮಗೆ ಯಾವ ದಾಕ್ಷಿಣ್ಯವೂ ಇಲ್ಲ. ಆದರೆ ಮದ್ಯವನ್ನು ಮಾರಲು ಸರ್ಕಾರವೇ ಅನುಮತಿ ಕೊಟ್ಟು, ತೆರಿಗೆಯನ್ನು ಎಣಿಸಿಕೊಂಡು, ಅದೇ ಕೋಣೆಯ ಹಾಡಿನಲ್ಲಿ ಮಾತ್ರ ದುರ್ನೀತಿಯನ್ನು ಕಾಣುವುದು ನ್ಯಾಯವೇ?

ನಮ್ಮ ಬೆಂಗಳೂರಿನ ಕಥೆಯೂ ಇದಕ್ಕೆ ದೂರವಾದುದಲ್ಲ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪೋಲೀಸು ಕಮಿಷನರರ ಲೈಸೆನ್ಸನ್ನು ವಿಧಿಸುವ ಆಜ್ಞೆಯು 2005ರಲ್ಲಿ ಹೊರಟಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ನಗರದ ಹಲವು ಸ್ಥಳಗಳಲ್ಲಿ ವಾದನಗಳು ನಿಂತುಹೋದುವು. ಆಜ್ಞೆಯ ಉದ್ದೇಶವು ಕೆಟ್ಟದ್ದೆಂದು ನಾವು ಹೇಳಲಾರೆವು. ನೆರೆಯವರಿಗೆ ನಿದ್ರೆಯ ಹಕ್ಕುಂಟು. ಸ್ತ್ರೀಯರ ಮಾನರಕ್ಷಣೆಯೂ, ಬೆಂಕಿಯ ಅಪಾಯದಿಂದ ಜನರ ರಕ್ಷಣೆಯೂ ಅಧಿಕಾರಿಗಳ ಧರ್ಮ. ಆದರೆ ದೊಡ್ಡ ಹೋಟೆಲಿನವನು ಹೊರಬಲ್ಲ ನಿಬಂಧನೆಗಳ ಭಾರವು ನೂರು ಕುರ್ಚಿಗಳ ಕೋಣೆಯವನ ಬೆನ್ನನ್ನು ಮುರಿಯುವುದೆಂಬುದನ್ನು ಮರೆಯಲಾಗದು.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ಶಬ್ದವನ್ನು ಅಳೆಯಿರಿ, ಬಾಗಿಲುಗಳನ್ನು ಎಣಿಸಿರಿ, ಮುಚ್ಚುವ ಗಂಟೆಯನ್ನು ಗೊತ್ತುಮಾಡಿರಿ, ತಪ್ಪಿದವನನ್ನು ನ್ಯಾಯಾಲಯಕ್ಕೆ ಎಳೆಯಿರಿ. ಸಣ್ಣ ಕೋಣೆಗಳಿಗೆ ಸುಲಭವಾದ ಬೇರೊಂದು ನಿಯಮವನ್ನು ಮಾಡಿರಿ. ಅರ್ಜಿಗೆ ಗೊತ್ತಾದ ಅವಧಿಯೊಳಗೆ ಉತ್ತರ ಕೊಡಿರಿ. ಅನುಮತಿಯನ್ನು ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಿರಿ. ಹಾಡುವವನ ಅನ್ನವನ್ನು ಮಾತ್ರ ಒಬ್ಬ ಅಧಿಕಾರಿಯ ಇಷ್ಟಾನಿಷ್ಟಗಳಿಗೆ ಕಟ್ಟಬೇಡಿರಿ. ಬೀದಿಯ ಮೇಲಿನ ಆಜ್ಞೆಗಳು ಎಷ್ಟೋ ಬಂದು ಹೋದುವು. ಹದಿನೈದು ಮೆಟ್ಟಿಲುಗಳ ಕೆಳಗೆ ಆ ಸಂಗೀತವು ಇಂದಿಗೂ ಕೇಳಿಬರುತ್ತಿದೆ. ನಮ್ಮ ಊರಿನಲ್ಲಿಯೂ ಅಂತಹ ಕೋಣೆಯೊಂದು ತೊಂಬತ್ತು ವರ್ಷ ಬಾಳುವಂತಾಗಲಿ.