ಮಾಸ್ಕಿನ ಮೇಲೆ ಗೂಬೆ ಕೂರಿಸಬೇಡಿ

ಈಚಿನ ಯುಗಾದಿ ಊಟದಲ್ಲೂ ಅದೇ ಮಾತು ಕಿವಿಗೆ ಬಿತ್ತು: "ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕೀ ಹಾಕೀ ಮುಖ ಕೆಟ್ಟುಹೋಯ್ತು ನೋಡಿ ಡಾಕ್ಟ್ರೇ." ಮಾಸ್ಕು ಕಳಚಿ ವರ್ಷಗಳಾದವು. ಇನ್ನೂ ಕೆನ್ನೆಯ ಮೇಲೆ ಉಳಿದಿರುವ ಕೆಂಪು ನರಗಳ ಬಲೆ ಮಾಸ್ಕಿನದಲ್ಲ, ಊರಿಂದ ಬಂದ ಟ್ಯೂಬಿನದು. ಹಬ್ಬದ ದಿನ ಬೇಡವೆಂದು ಅಲ್ಲಿ ಸುಮ್ಮನಾದೆವು. ಈಗ ಹೇಳಿಬಿಡುತ್ತೇವೆ.

ಮಾಸ್ಕು ಏನೂ ಮಾಡುವುದಿಲ್ಲವೆಂದು ನಮ್ಮ ವಾದವಲ್ಲ. ೨೦೦೩ರ ಸಾರ್ಸ್ ಸಮಯದಲ್ಲಿ ಸಿಂಗಾಪುರದಲ್ಲಿ ಎನ್-೯೫ ಮಾಸ್ಕನ್ನು ನಿತ್ಯ ಧರಿಸಿದ ಆಸ್ಪತ್ರೆ ಸಿಬ್ಬಂದಿಯಲ್ಲಿ ಸುಮಾರು ಮೂರರಲ್ಲೊಬ್ಬರು ಮೊಡವೆ, ತುರಿಕೆ, ಗಂದೆಗಳನ್ನು ಹೇಳಿಕೊಂಡರು. ೨೦೨೦ರಲ್ಲಿ ಚೀನಾದ ಹುಬೇ ಪ್ರಾಂತ್ಯದ ೫೪೨ ಆರೋಗ್ಯ ಕಾರ್ಯಕರ್ತರನ್ನು ಕೇಳಿದಾಗ, ಮಾಸ್ಕು, ಕನ್ನಡಕ, ಕೈಗವಸುಗಳಿಂದ ಚರ್ಮ ಕೆಟ್ಟಿದೆ ಎಂದವರು ಶೇ. ೯೭. ಒಳಗೆ ಉಸಿರಿನ ಬಿಸಿ, ತೇವ, ಹೊರಗಿಂದ ಉಜ್ಜಾಟ. ರೋಮದ ಬುಡ ಮುಚ್ಚಿ ಮೊಡವೆ ಏಳುತ್ತದೆ. ಆದರೆ ಉಜ್ಜುವುದು ನಿಂತರೆ ಇದು ಸಾಮಾನ್ಯವಾಗಿ ವಾರಗಳಲ್ಲಿ ಇಳಿಯುತ್ತದೆ. ("ಚರ್ಮಕ್ಕೆ ಉಸಿರು ಕಟ್ಟುತ್ತದೆ" ಎನ್ನುವವರಿಗೆ: ಉಸಿರಾಡುವುದು ಶ್ವಾಸಕೋಶ.)

ನಮ್ಮ ಕಷ್ಟ ಅದರ ನಂತರ. ನಮ್ಮಂಥ ಕಂದು ಚರ್ಮದಲ್ಲಿ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದು ನಮಗೆ ಕಾಯಿಲೆಗಿಂತ ದೊಡ್ಡದು. ಮದುವೆಯ ಮಾತು ನಡೆಯುತ್ತಿರುವ ಮನೆಯಲ್ಲಂತೂ ಕೇಳುವುದೇ ಬೇಡ. ಆಗ ಹಪ್ಪಳ, ಚಟ್ನಿಪುಡಿಯ ಪಕ್ಕದಲ್ಲಿ ಸೂಟ್‌ಕೇಸಿನಲ್ಲಿ ಬಂದ ಟ್ಯೂಬು ಹೊರಬರುತ್ತದೆ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್: ಹೆಸರು ಯಾವುದಾದರೂ ಅದು ಸ್ಟೀರಾಯ್ಡ್. ಹಚ್ಚಿದ ನಾಲ್ಕೇ ದಿನಕ್ಕೆ ಮುಖ ತಿಳಿಯಾಗಿ ಕಾಣುತ್ತದೆ, ಏಕೆಂದರೆ ಅದು ರಕ್ತನಾಳಗಳನ್ನು ಹಿಂಡುತ್ತದೆ, ಉರಿಯೂತವನ್ನು ಅದುಮುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ನರ ಮೂಡುತ್ತವೆ, ಹೊಸ ಮೊಡವೆ ಏಳುತ್ತವೆ, ಹೆಂಗಸರ ಗಲ್ಲದ ಮೇಲೆ ರೋಮ ಬೆಳೆಯುತ್ತದೆ. ಬಿಟ್ಟರೆ ಉರಿ, ಕೆಂಪು, ಮತ್ತೆ ಟ್ಯೂಬು. ಇದರ ಮೇಲೆ ಮಾಸ್ಕು ಹಾಕಿದರೆ? ಹಟಮಾರಿ ರೋಗಕ್ಕೆ ಚರ್ಮವೈದ್ಯರು ಸ್ಟೀರಾಯ್ಡ್ ಹಚ್ಚಿ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ, ಮದ್ದು ಇನ್ನಷ್ಟು ಒಳಗಿಳಿಯಲಿ ಎಂದು. ಮೈಯಲ್ಲೇ ತೆಳುವಾದ ಚರ್ಮಗಳಲ್ಲೊಂದಾದ ಮುಖಕ್ಕೆ ನಾವು ಅಂಥದ್ದನ್ನೇ ಹತ್ತು ಗಂಟೆ ಮಾಡಿಕೊಂಡೆವು.

ಈ ಹಾನಿಗೆ ಭಾರತದ ಚರ್ಮವೈದ್ಯರು ಒಂದು ಹೆಸರನ್ನೇ ಕೊಟ್ಟಿದ್ದಾರೆ, 'ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ' ಎಂದು. ೨೦೧೮ರಲ್ಲಿ ಕೇಂದ್ರ ಸರ್ಕಾರ ಇಂಥ ೧೪ ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆಂದಿತು. ಕಾನೂನು ಕಾನೂನಿನ ಕಡೆ, ಅಂಗಡಿ ಅಂಗಡಿಯ ಕಡೆ.

ಇನ್ನು ನಾವು, ಈ ಸಂಘದ ವೈದ್ಯರು. ಪಾರ್ಕಿಂಗ್ ಲಾಟಿನಲ್ಲಿ "ಒಂದು ನಿಮಿಷ ಡಾಕ್ಟ್ರೇ" ಎಂದವರಿಗೆ, ಮುಖವನ್ನು ಬೆಳಕಿನಲ್ಲಿ ನೋಡದೆ, "ಹೂಂ, ಹಚ್ಚಿ" ಎಂದವರು ನಾವೇ ಅಲ್ಲವೇ? ತಪ್ಪು ದೊಡ್ಡದು. ಮುಂದಿನ ರಾಜ್ಯೋತ್ಸವದಲ್ಲಿ ಕೇಳಿದರೆ ಇಲ್ಲ ಎನ್ನುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಆಸ್ಪತ್ರೆ ಕೆಲಸಕ್ಕೋ, ಕಾಡ್ಗಿಚ್ಚಿನ ಹೊಗೆಗೋ, ವಿಮಾನದಲ್ಲೋ ಮಾಸ್ಕು ಬೇಕಾದಾಗ ಧೈರ್ಯವಾಗಿ ಹಾಕಿಕೊಳ್ಳಿ. ಸೌಮ್ಯ ಸಾಬೂನಿನಲ್ಲಿ ಮುಖ ತೊಳೆದು, ಅರ್ಧ ಗಂಟೆ ಮೊದಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಅದರಡಿ ಮೇಕಪ್ ಬೇಡ. ಬಟ್ಟೆಯದಾದರೆ ದಿನಾ ಒಗೆಯಿರಿ. ಟ್ಯೂಬನ್ನು ತಿಂಗಳುಗಳಿಂದ ಹಚ್ಚುತ್ತಿದ್ದವರು ಈ ಲೇಖನ ಓದಿ ಇವತ್ತೇ ಕಸಕ್ಕೆ ಎಸೆಯಬೇಡಿ. ಚರ್ಮವೈದ್ಯರ ಬಳಿ ಅದನ್ನೇ ಕೈಯಲ್ಲಿ ಹಿಡಿದು ಹೋಗಿ. "ಏನು ಹಚ್ಚುತ್ತೀರಿ?" ಎಂದು ಕೇಳಿದಾಗ "ಏನಿಲ್ಲ, ಸುಮ್ಮನೆ ಒಂದು ಕ್ರೀಮು" ಎನ್ನದೆ ಮೇಜಿನ ಮೇಲಿಡಿ.