ಮುಕ್ಕಾಲು ಡಾಲರಿನ ಲೆಕ್ಕ

(ಅಂತಿಮ ಬಿ.ಎ. ವಿದ್ಯಾರ್ಥಿ)

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಗಣಕಯಂತ್ರಗಳ ಕಾವಲಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೆ. ಆದರೆ ನಮ್ಮ ಅಂಕಗಳು, ವಿದ್ಯಾರ್ಥಿವೇತನದ ಅರ್ಜಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ತಂದೆಯ ಹೆಸರಿನ ಪಹಣಿ, ಇವೆಲ್ಲ ಇಂದು ಕಛೇರಿಯ ಬೀರುವಿನಲ್ಲಷ್ಟೇ ಇಲ್ಲ. ನಾವು ಕಾಣದ ಸರ್ವರುಗಳಲ್ಲಿವೆ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಆ ದಾಖಲೆಗಳೇ ಆಸ್ತಿ. ಅವುಗಳಲ್ಲಿ ಒಂದು ಅಂಕಿ ಬದಲಾದರೆ ವಾದಿಸಲು ನಮ್ಮ ಮನೆಯಲ್ಲಿ ವಕೀಲರಿಲ್ಲ, ಹೇಳಿಸಲು ಅಧಿಕಾರಿಗಳಿಲ್ಲ. ಆದುದರಿಂದ ಆ ಯಂತ್ರಗಳನ್ನು ಯಾರು, ಹೇಗೆ ಕಾಯುತ್ತಾರೆಂದು ಕೇಳುವ ಹಕ್ಕು ಕಲಾ ವಿದ್ಯಾರ್ಥಿಗೂ ಉಂಟು.

ಸರ್ವರುಗಳಲ್ಲಿ ಬಹುಪಾಲು ಯುನಿಕ್ಸ್ ಅಥವಾ ಅದರ ಮಾದರಿಯ ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತವೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿದ ಯುನಿಕ್ಸ್ ಒಂದು ವಠಾರವಿದ್ದಂತೆ. ಒಂದೇ ಯಂತ್ರದಲ್ಲಿ ಹಲವರ ವಾಸ. ಒಬ್ಬೊಬ್ಬರಿಗೂ ಒಂದು ಖಾತೆ, ಒಂದು ಪಾಸ್‌ವರ್ಡ್. ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಕಟ್ಟಳೆ. ಎಲ್ಲ ಕೋಣೆಗಳ ಬೀಗದ ಕೈಯುಳ್ಳ ಖಾತೆಗೆ ‘ರೂಟ್’ ಎಂದು ಹೆಸರು. ಯಾರು ಯಾವಾಗ ಬಂದರು, ಹೋದರು ಎಂಬುದನ್ನು ಯಂತ್ರವೇ ಬರೆದಿಡುತ್ತದೆ; ಆ ದಿನಚರಿಗೆ ‘ಲಾಗ್’ ಎನ್ನುತ್ತಾರೆ. ಹೀಗೆ ಬೀಗವೂ ಉಂಟು, ದಿನಚರಿಯೂ ಉಂಟು. ದಿನಚರಿಯನ್ನು ಓದುವವರು ಮಾತ್ರ ವಿರಳ. ಈ ಕೊರತೆಯೇ ದೊಡ್ಡದೆಂಬುದು ನನ್ನ ಅಭಿಪ್ರಾಯ.

1986ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ಗಣಕಯಂತ್ರದ ಬಳಕೆಯ ಲೆಕ್ಕ 75 ಸೆಂಟುಗಳಷ್ಟು, ಎಂದರೆ ಮುಕ್ಕಾಲು ಡಾಲರಿನಷ್ಟು, ತಾಳೆಯಾಗಲಿಲ್ಲ. ಅದನ್ನು ಸರಿಪಡಿಸುವ ಕೆಲಸ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞನ ಪಾಲಿಗೆ ಬಂತು. ಬೇರೊಬ್ಬನಾಗಿದ್ದರೆ ಆ ಹಣವನ್ನು ತನ್ನ ಜೇಬಿನಿಂದಲೇ ತುಂಬಿ ಪುಸ್ತಕ ಮುಚ್ಚುತ್ತಿದ್ದನೇನೋ. ಸ್ಟಾಲ್ ಬಿಡಲಿಲ್ಲ. ಹುಡುಕಿದಾಗ, ಹೊರಗಿನವನೊಬ್ಬ ಇಮ್ಯಾಕ್ಸ್ ಎಂಬ ತಂತ್ರಾಂಶದ ಒಂದು ಕಿಂಡಿಯಿಂದ ನುಸುಳಿ ರೂಟ್ ಅಧಿಕಾರ ಪಡೆದಿದ್ದುದು ತಿಳಿಯಿತು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದಿಲ್ಲವೆ? ಹಾಗೆಯೇ ಅವನು ತನ್ನದೊಂದು ತಂತ್ರಾಂಶವನ್ನು ವ್ಯವಸ್ಥೆಯ ತಂತ್ರಾಂಶವಿದ್ದ ಜಾಗದಲ್ಲಿಟ್ಟಿದ್ದ. ಯಂತ್ರವು ಅದನ್ನು ತನ್ನದೆಂದೇ ನಂಬಿ ನಡೆಸಿತು. 1989ರಲ್ಲಿ ಸ್ಟಾಲ್ ಬರೆದ ಪುಸ್ತಕಕ್ಕೆ ಕೋಗಿಲೆಯ ಮೊಟ್ಟೆಯೆಂಬ ಹೆಸರು ಬಂದದ್ದು ಇದರಿಂದಲೇ.

ಸ್ಟಾಲ್ ಅವನನ್ನು ಕೂಡಲೇ ಹೊರದೂಡಲಿಲ್ಲ. ಒಳಬರುವ ದೂರವಾಣಿ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿ, ಅವನು ಒತ್ತಿದ ಒಂದೊಂದು ಅಕ್ಷರವನ್ನೂ ಕಾಗದಕ್ಕಿಳಿಸಿದ. ಯಂತ್ರದೊಳಗಿನ ದಿನಚರಿಯನ್ನು ರೂಟ್ ಅಳಿಸಬಲ್ಲ. ಕಾಗದದ ಮೇಲಿನದನ್ನು ಅಳಿಸಲಾರ. ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕುಸ್ ಹೆಸ್ ಎಂಬಾತನ ಬಳಿ ನಿಂತಿತು. ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆ.ಜಿ.ಬಿ.ಗೆ ಮಾರಿದುದಕ್ಕಾಗಿ 1990ರಲ್ಲಿ ಅವನೂ ಅವನ ಸಂಗಡಿಗರೂ ಶಿಕ್ಷೆಗೊಳಗಾದರು. ಅವನು ಸುಮಾರು 450 ಯಂತ್ರಗಳ ಬಾಗಿಲು ತಟ್ಟಿ, 30ಕ್ಕೂ ಹೆಚ್ಚು ಯಂತ್ರಗಳನ್ನು ಹೊಕ್ಕಿದ್ದ. ಅನೇಕ ಕಡೆ ಅವನಿಗೆ ದಾರಿ ಮಾಡಿಕೊಟ್ಟದ್ದು ತಯಾರಕರು ಕೊಟ್ಟಿದ್ದು ಯಾರೂ ಬದಲಿಸದೆ ಬಿಟ್ಟ ಪಾಸ್‌ವರ್ಡುಗಳು.

ಇದು ಹಳೆಯ ಕಥೆಯೆನ್ನುವಂತಿಲ್ಲ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ, ಲಿನಕ್ಸ್ ಯಂತ್ರವೊಂದರ ಪ್ರವೇಶಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಗಮನಿಸಿದ. ಕಾರಣ ಹುಡುಕಿದಾಗ ಎಕ್ಸ್‌ಜೆಡ್ ಎಂಬ ತಂತ್ರಾಂಶದಲ್ಲಿ ಯಾರೋ ಅಡಗಿಸಿಟ್ಟಿದ್ದ ಕಳ್ಳಬಾಗಿಲು ಹೊರಬಿತ್ತು. ಅಲ್ಲಿ ಮುಕ್ಕಾಲು ಡಾಲರು, ಇಲ್ಲಿ ಅರ್ಧ ಸೆಕೆಂಡು. ಎರಡು ಕಡೆಯೂ ಕಾಪಾಡಿದ್ದು ಸಣ್ಣ ವ್ಯತ್ಯಾಸವನ್ನು ಅಲ್ಲಗಳೆಯದ ಮನುಷ್ಯ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಎಲ್ಲರ ಓಡಾಟವನ್ನೂ ಬರೆದಿಟ್ಟು ಓದುವುದೆಂದರೆ ಪರರ ಮನೆಯಲ್ಲಿ ಇಣುಕಿದಂತಲ್ಲವೆ? ಈ ಭಯ ನಿರಾಧಾರವಲ್ಲ. ಆದರೆ ಯಾರು ಬಾಗಿಲು ದಾಟಿದರೆಂದು ಬರೆಯುವುದು ಬೇರೆ, ಅವರ ಪತ್ರಗಳನ್ನು ಬಿಚ್ಚಿ ಓದುವುದು ಬೇರೆ. ಮೊದಲನೆಯದು ಕರ್ತವ್ಯ, ಎರಡನೆಯದು ಅಪರಾಧ. ಯಾರು ಏನನ್ನು ಓದಬಹುದೆಂಬ ನಿಯಮವನ್ನು ಮುಂಚೆಯೇ ಬರೆದು ಎಲ್ಲರಿಗೂ ತಿಳಿಸಬೇಕು. ದಿನಚರಿಯ ಪ್ರತಿಯೊಂದು, ರೂಟ್‌ನ ಕೈಗೆಟುಕದಂತೆ, ಇನ್ನೊಬ್ಬರ ವಶದ ಬೇರೆ ಯಂತ್ರದಲ್ಲಿರಬೇಕು. ಇಲ್ಲವಾದರೆ ಬೇಲಿಯೇ ಎದ್ದು ಹೊಲ ಮೇಯ್ದಾಗ ಕೇಳುವವರಾರು?

ನಮ್ಮ ಪಾಲಿನ ಹೊಣೆಯೂ ಇದೆ. ಒಂದೇ ಖಾತೆಯನ್ನು ಇಪ್ಪತ್ತು ಮಂದಿ ಬಳಸುವುದನ್ನು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸುವುದನ್ನು ನಾವೆಲ್ಲ ಸ್ನೇಹವೆಂದೋ ಅನುಕೂಲವೆಂದೋ ಭಾವಿಸುತ್ತೇವೆ. ಅಂಥಲ್ಲಿ ಅನಾಹುತವಾದರೆ ದಿನಚರಿ ಒಂದೇ ಹೆಸರನ್ನು ಹೇಳುತ್ತದೆ. ತಪ್ಪಿತಸ್ಥ ತಪ್ಪಿಸಿಕೊಳ್ಳುತ್ತಾನೆ, ನಿರಪರಾಧಿಗೆ ತಾನು ನಿರಪರಾಧಿಯೆಂದು ತೋರಿಸಲು ಸಾಕ್ಷಿಯೇ ಇರುವುದಿಲ್ಲ. ಬಡ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಯಾವುದಿದೆ?

ಆದುದರಿಂದ ನನ್ನ ಸೂಚನೆಗಳು ಸರಳ. ಒಬ್ಬರಿಗೊಂದೇ ಖಾತೆಯಿರಲಿ, ಬಿಟ್ಟುಹೋದವರ ಖಾತೆಗಳನ್ನು ಮುಚ್ಚಲಿ, ತಂತ್ರಾಂಶದ ದೋಷ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಹಾಕಲಿ, ದಿನಚರಿಯನ್ನು ದಿನವೂ ಓದುವ ಕೆಲಸವನ್ನು ಹೆಸರಿಟ್ಟು ಒಬ್ಬರಿಗೆ ಒಪ್ಪಿಸಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದಕ್ಕಿಂತ ಇದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ. ಬಲ್ಲ ಅಧ್ಯಾಪಕರೂ ಮಿತ್ರರೂ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.